ಬಳಸಿದ ವಾಹನ, ಬಳಸಬೇಕಾದ ವಿವೇಕ

ವರ್ಷಗಳ ಕಾಲ ಮನೆತನದ ಅಂತಸ್ತನ್ನು ಸಾರಿದ ಐಷಾರಾಮಿ ಎಸ್‌ಯುವಿ ಮುಪ್ಪಾದಾಗ, ಸಾಲ ಮಾಡಿ ಅಂಥದ್ದೇ ಇನ್ನೊಂದನ್ನು ತರಬೇಕೆ, ಇಲ್ಲವೇ ಬಳಸಿದ ಸಣ್ಣ ಕಾರು ಸಾಕೆ ಎಂಬ ಪ್ರಶ್ನೆ ನಮ್ಮ ಕುಟುಂಬಗಳಲ್ಲಿ ಏಳುತ್ತದೆ. ಭಾನುವಾರ ದೇವಾಲಯದ ಅಂಗಳದಲ್ಲಿ ನೋಡುವವರ ಕಣ್ಣಿಗೆ ಅಂಜಿ ಇದನ್ನು ತೀರ್ಮಾನಿಸುವುದು ತರವಲ್ಲ.

ಗುರುಗಳು, ಧರ್ಮಭಗಿನಿಯರು ಹೊಚ್ಚಹೊಸ ಮಾದರಿಯ ಕಾರಿನಲ್ಲಿರುವುದನ್ನು ಕಂಡರೆ ನೋವಾಗುತ್ತದೆಂದು ಪೋಪ್ ಫ್ರಾನ್ಸಿಸರು 2013ರ ಜುಲೈನಲ್ಲಿ ನುಡಿದಿದ್ದರು. ಕೆಲಸಕ್ಕೆ ಕಾರು ಬೇಕು, ಆದರೆ ಸರಳವಾದುದನ್ನು ಆರಿಸಿರಿ ಎಂಬುದು ಅವರ ಸಲಹೆಯಾಗಿತ್ತು. ಅದೇ ಸೆಪ್ಟೆಂಬರಿನಲ್ಲಿ ಇಟಲಿಯ ಗುರುಗಳೊಬ್ಬರು ಕಾಣಿಕೆಯಿತ್ತ, ಸುಮಾರು 3 ಲಕ್ಷ ಕಿಲೋಮೀಟರ್ ಓಡಿದ್ದ 1984ರ ರೆನೋ 4 ಕಾರನ್ನು ಅವರು ಸ್ವೀಕರಿಸಿದರು.

ಸರಳತೆಯೆಂದರೆ ಅಜಾಗರೂಕತೆಯಲ್ಲ. ಹಳೆಯ ಐಷಾರಾಮಿ ವಾಹನ ಅಗ್ಗಕ್ಕೆ ದೊರೆತರೂ ಅದರ ಬಿಡಿಭಾಗಗಳು ಅಗ್ಗವಾಗುವುದಿಲ್ಲ. ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿ 15 ವರ್ಷ. ಅದರಲ್ಲಿ ಉಳಿದಿರುವುದೆಷ್ಟು, ಸಾಲದ ಬಾಕಿಯುಂಟೆ ಎಂಬುದನ್ನು ನೋಡಬೇಕು. ನಂಬಿಕೆಯ ಮೆಕ್ಯಾನಿಕ್‌ನಿಂದ ಬ್ರೇಕು, ಎಂಜಿನ್ ಪರೀಕ್ಷಿಸಿಯೇ ಮುಂಗಡ ಕೊಡಬೇಕು.

ಮಾರುವವರಿಗೂ ಧರ್ಮವಿದೆ. ಅಪಘಾತವನ್ನು ಮುಚ್ಚಿಡುವುದು, ಮೀಟರನ್ನು ಹಿಂದಕ್ಕೆ ತಿರುಗಿಸುವುದು ವ್ಯಾಪಾರದ ಜಾಣ್ಮೆಯಲ್ಲ, ಏಳನೆಯ ಆಜ್ಞೆಯ ಉಲ್ಲಂಘನೆ. ಕೊಳ್ಳುವ ಬಡ ಕುಟುಂಬ ಮಕ್ಕಳನ್ನು ಕೂರಿಸಿಕೊಂಡು ಓಡಾಡುವುದು ಅದೇ ವಾಹನದಲ್ಲಿ. ನೋಂದಣಿಯ ಹೆಸರನ್ನು ವರ್ಗಾಯಿಸಲು ಉದಾಸೀನವೂ ಸಲ್ಲದು. ಅಪಘಾತವಾದರೆ ನೋಂದಾಯಿತ ಮಾಲೀಕನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ.

ಸಾಲದ ಕಂತಿನಿಂದ ಉಳಿದ ಹಣ ಮಕ್ಕಳ ವಿದ್ಯೆಗೂ ನೆರೆಯವರ ಕಷ್ಟಕ್ಕೂ ಒದಗಿದರೆ, ಸಣ್ಣ ಕಾರು ಸಣ್ಣದಲ್ಲ.