ಕಾಡಿನ ಟೈರು, ಡಾಂಬರಿನ ದಾರಿ

ಬೈಕಿಗೆ ಹೊಸ ಟೈರ್ ಹಾಕಿಸುವ ಮಾತು ಬಂದರೆ ಸಾಕು, ನಮ್ಮ ಗ್ಯಾಂಗ್‌ನ ಹುಡುಗರು ದಪ್ಪ ದಪ್ಪ ಉಬ್ಬುಗಳಿರುವ ಆಫ್‌ರೋಡ್ ಟೈರಿನ ಫೋಟೊ ಕಳಿಸತೊಡಗುತ್ತಾರೆ. ನೋಡಲು ಗತ್ತಾಗಿದೆ, ಒಪ್ಪುತ್ತೇನೆ. ಆದರೆ ನಾವು ಹೋಗುವ ದಾರಿ ಯಾವುದು? ಬೆಂಗಳೂರು, ಹಾಸನ, ಸಕಲೇಶಪುರ, ಶಿರಾಡಿ ಇಳಿದರೆ ಮಂಗಳೂರು. ಎಲ್ಲ ಡಾಂಬರು, ಇಲ್ಲವೇ ಕಾಂಕ್ರೀಟು. ಮಣ್ಣು ಸಿಗುವುದು ಹೋಂಸ್ಟೇಗೆ ತಿರುಗಿದ ಮೇಲೆ, ಕೊನೆಯ ಎರಡು ಕಿ.ಮೀ. ಅಷ್ಟಕ್ಕಾಗಿ ಉಳಿದ ದಾರಿಯುದ್ದಕ್ಕೂ, ಅದೂ ಮಳೆಯಲ್ಲಿ, ರಸ್ತೆಗೆ ಅರೆಬರೆ ತಾಗುವ ರಬ್ಬರನ್ನು ನಂಬಿ ಹೋಗುವುದು ಯಾವ ಲೆಕ್ಕ?

ನನ್ನದು ಹಿಮಾಲಯನ್ 411. ಹಿಂದಿನ ಟೈರಿನ ಅಳತೆ 120/90-17. 'ಇನ್ನೂ ಅಗಲದ್ದು ಹಾಕ್ಸು ಗುರೂ, ಗ್ರಿಪ್ ಜಾಸ್ತಿ' ಎಂಬ ಸಲಹೆ ಕೇಳಿ ಕಿವಿ ತೂತಾಗಿದೆ. ರಿಮ್ ಅಷ್ಟೇ ಇರುವಾಗ ಅಗಲದ ಟೈರನ್ನು ಹಿಂಡಿ ಕೂರಿಸಿದರೆ ಅದರ ಆಕಾರವೇ ಕೆಡುತ್ತದೆ, ತಿರುವಿನಲ್ಲಿ ಬೈಕ್ ಬಾಗಲು ಹಟ ಮಾಡುತ್ತದೆ.

ಹೆದ್ದಾರಿಯಲ್ಲಿ ನೇರ ಓಡಿದ ಟೈರ್ ನಡುವೆ ಸವೆದು ಚಪ್ಪಟೆಯಾಗುತ್ತದೆ. ಬದಿಯ ಗೆರೆಗಳು ಆಳವಾಗಿಯೇ ಇರುವುದರಿಂದ 'ಇನ್ನೊಂದು ಮಳೆಗಾಲ ಬರುತ್ತೆ ಬಿಡು' ಅನ್ನಿಸುತ್ತದೆ. ಬರುವುದಿಲ್ಲ. ಗೆರೆಗಳ ಒಳಗೆ ಸಣ್ಣ ಅಡ್ಡಪಟ್ಟಿಗಳಿರುತ್ತವೆ. ರಬ್ಬರು ಆ ಮಟ್ಟಕ್ಕೆ ಇಳಿಯಿತೆಂದರೆ ಅದರ ಕತೆ ಮುಗಿಯಿತು.

ಅಂಗಡಿಯೊಂದರಲ್ಲಿ 'ಹೊಸ ಸ್ಟಾಕು' ಎಂದು ಕೊಟ್ಟ ಟೈರಿನ ಬದಿಯಲ್ಲಿ 3120 ಎಂದಿತ್ತು. ಅಂದರೆ 2020ರ 31ನೇ ವಾರ ತಯಾರಾದ ಮಾಲು. 'ಓಡಿಸೇ ಇಲ್ವಲ್ಲ ಬಾಸ್, ಹೊಸದೇ' ಎಂದರು. ಗೋದಾಮಿನಲ್ಲಿ ಸುಮ್ಮನೆ ಕೂತರೂ ರಬ್ಬರು ವರ್ಷಗಳಲ್ಲಿ ಗಡುಸಾಗುತ್ತದೆ. ನಾನು ಪಟ್ಟು ಬಿಡದಿದ್ದಕ್ಕೆ ಒಳಗಿನಿಂದ ಬೇರೆ ತಂದರು. ಇತ್ತಂತೆ!

ಟೈರಿನ ಬದಿಯಲ್ಲೇ ಎಷ್ಟು ಭಾರ ತಡೆಯುತ್ತದೆ ಎಂಬುದಕ್ಕೂ ಒಂದು ಸಂಖ್ಯೆ ಇರುತ್ತದೆ. 64 ಎಂದಿದ್ದರೆ 280 ಕಿಲೊ. ಹಿಂದೆ ತಂಗಿ, ಎರಡೂ ಕಡೆ ಬ್ಯಾಗು ಹೇರಿಕೊಂಡು ಹೊರಡುವ ನನ್ನಂಥವನಿಗೆ ಇದು ಗೊತ್ತಿರಲೇಬೇಕು. ಟೈರ್ ಆರಿಸುವಾಗ ತಂಗಿಯನ್ನು ಯಾರೂ ಕೇಳುವುದಿಲ್ಲ, ಬಿದ್ದರೆ ಪೆಟ್ಟು ಮಾತ್ರ ಇಬ್ಬರಿಗೂ. ಫಾಗ್ ಲೈಟು, ಸದ್ದು ಮಾಡುವ ಸೈಲೆನ್ಸರ್‌ಗೆ ಸಾವಿರಾರು ರೂಪಾಯಿ ಸುರಿದು, ಟೈರಿಗೆ ಬಂದಾಗ ಐನೂರಕ್ಕೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಈ ಸಲ ಹಾಕಿಸಿದ್ದು ಡಾಂಬರಿಗೆ ಒಗ್ಗುವ ಸಾದಾ ಮಾದರಿ, ಜೊತೆಗೆ ಹೊಸ ಟ್ಯೂಬು. ಹೊಸ ಟೈರಿನ ಮೈ ನುಣುಪಾಗಿರುತ್ತದೆಂದು ಮೊದಲ ನೂರೈವತ್ತು ಕಿ.ಮೀ. ನಿಧಾನವಾಗಿಯೇ ಓಡಿಸಿದೆ. ಹುಡುಗರು ಅದಕ್ಕೆ 'ಅಜ್ಜನ ಟೈರ್' ಎಂದು ಹೆಸರಿಟ್ಟಿದ್ದಾರೆ. ಇಡಲಿ ಬಿಡಿ.