ಚಪ್ಪಾಳೆಗೂ ಪಹಣಿ ಬೇಕೇ?

ಭಾರತ-ಪಾಕಿಸ್ತಾನ ಪಂದ್ಯ ಹತ್ತಿರ ಬಂತೆಂದರೆ ಈ ದೇಶದ ಮುಸಲ್ಮಾನನಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಊಟದ ಬಿಡುವಿನಲ್ಲಿ ಯಾರೋ ಒಬ್ಬರು ನಗುನಗುತ್ತಲೇ ಕೇಳುತ್ತಾರೆ: 'ಏನ್ ಸಾಹೇಬ್ರೇ, ಈ ಸಲ ನಿಮ್ಮ ಸಪೋರ್ಟ್ ಯಾರಿಗೆ?' ಕೇಳುವವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬಹಳ ಮಂದಿಗೆ ಅದು ಬರೀ ತಮಾಷೆ. ಆದರೆ ಅದೇ ತಮಾಷೆಯನ್ನು ಅವರು ಪಕ್ಕದ ಕುರ್ಚಿಯಲ್ಲಿ ಕುಳಿತ ಇನ್ನೊಬ್ಬನ ಹತ್ತಿರ ಮಾಡುವುದಿಲ್ಲ. 'ಭಾರತಕ್ಕೆ' ಎಂದು ಉತ್ತರಿಸಿದರೆ 'ಹೌದೌದು' ಎಂದು ಕಣ್ಣು ಮಿಟುಕಿಸುತ್ತಾರೆ. 'ಚೆನ್ನಾಗಿ ಆಡಿದವರಿಗೆ' ಎಂದರಂತೂ ಮುಗಿಯಿತು, ಸಿಕ್ಕಿಬಿದ್ದ ಹಾಗೆಯೇ.

ನನ್ನ ತಕರಾರು ಇರುವುದು ಈ ಎರಡನೆಯ ಉತ್ತರದ ಬಗ್ಗೆ. ಚೆನ್ನಾಗಿ ಆಡಿದವರಿಗೆ ಕೈತಟ್ಟುವುದು ಆಟ ನೋಡುವವನ ಮೊದಲ ಹಕ್ಕು. ಆ ಹಕ್ಕನ್ನು ಒಂದು ಸಮುದಾಯದಿಂದ ಸದ್ದಿಲ್ಲದೆ ಕಿತ್ತುಕೊಳ್ಳಲಾಗಿದೆ. ಕೈತಟ್ಟುವ ಮುನ್ನ ಅವನು ತನ್ನ ಚಪ್ಪಾಳೆಯ ಪಹಣಿ ತೋರಿಸಬೇಕು.

ಈ ಪರೀಕ್ಷೆಗೆ ಇಂಗ್ಲಿಷರ ನಾಡಿನಲ್ಲಿ ಒಂದು ಹೆಸರೇ ಇದೆ. 1990ರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಮುಖಂಡ ನಾರ್ಮನ್ ಟೆಬ್ಬಿಟ್, ಅಲ್ಲಿ ನೆಲೆಸಿದ ಏಷ್ಯಾದವರು ಕ್ರಿಕೆಟ್ಟಿನಲ್ಲಿ ಯಾವ ತಂಡಕ್ಕೆ ಜೈ ಎನ್ನುತ್ತಾರೆ ಎಂಬುದರ ಮೇಲೆ ಅವರ ನಿಷ್ಠೆಯನ್ನು ಅಳೆಯಬಹುದೆಂದು ಹೇಳಿದರು. ಅದಕ್ಕೆ 'ಕ್ರಿಕೆಟ್ ಟೆಸ್ಟ್' ಎಂಬ ಹೆಸರು ಬಿತ್ತು. ಅಲ್ಲಿನ ಭಾರತೀಯರು ಸಹಜವಾಗಿಯೇ ಸಿಟ್ಟಾದರು. ಇಂದಿಗೂ ಮೆಲ್ಬರ್ನ್‌ನಲ್ಲೋ ಲಂಡನ್ನಿನಲ್ಲೋ ಭಾರತ ಆಡಿದರೆ ಅಲ್ಲಿನ ಪೌರತ್ವ ಪಡೆದ ನಮ್ಮವರು ನೀಲಿ ಅಂಗಿ ತೊಟ್ಟು ಸ್ಟೇಡಿಯಂ ತುಂಬುತ್ತಾರೆ. 2022ರ ಟಿ-20 ವಿಶ್ವಕಪ್ಪಿನಲ್ಲಿ ಮೆಲ್ಬರ್ನ್ ಮೈದಾನಕ್ಕೆ ಭಾರತ-ಪಾಕಿಸ್ತಾನ ಪಂದ್ಯ ನೋಡಲು ತೊಂಬತ್ತು ಸಾವಿರ ಜನ ಬಂದಿದ್ದರು. ಅದನ್ನು ಟಿ.ವಿ.ಯಲ್ಲಿ ಕಂಡು ನಾವು ಹೆಮ್ಮೆಪಟ್ಟೆವು. ಆಸ್ಟ್ರೇಲಿಯಾದ ಉಪ್ಪು ತಿಂದು ಭಾರತಕ್ಕೆ ಜೈ ಎನ್ನುತ್ತೀರಾ ಎಂದು ಯಾರೂ ಅವರನ್ನು ಕೇಳಲಿಲ್ಲ. ಕೇಳಲೂಬಾರದು. ಅಲ್ಲಿ ಅನ್ಯಾಯವಾಗಿ ಕಾಣುವ ಅಳತೆಗೋಲು ಇಲ್ಲಿಗೆ ಬಂದೊಡನೆ ನ್ಯಾಯವಾಗುವುದು ಹೇಗೆಂಬುದು ಮಾತ್ರ ನನಗೆ ಅರ್ಥವಾಗಿಲ್ಲ.

ಆಟದ ಹುಚ್ಚು ಎಂದರೇನೆಂದು ಈ ಪರೀಕ್ಷಕರಿಗೆ ಗೊತ್ತಿಲ್ಲ ಎಂಬುದೇ ನನ್ನ ಅನುಮಾನ. ನನ್ನ ಖಾಲೂ, ಅಂದರೆ ಅಮ್ಮಿಯ ತಂಗಿಯ ಗಂಡ, ದರ್ಜಿ. ಅವರ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಅಂಚಿಗೆ ಗಿರಾಕಿಯ ಅಳತೆಯ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಸ್ಕೋರು ಬರೆದಿರುತ್ತದೆ. ಒಮ್ಮೆ ಗಿರಾಕಿಯ ಪ್ಯಾಂಟಿನ ಉದ್ದಕ್ಕೂ ಸ್ಟೆಫಿ ಗ್ರಾಫ್‌ಳ ಪಾಯಿಂಟಿಗೂ ಗೊಂದಲವಾಗಿ ಜಗಳವಾದದ್ದುಂಟು. ಕನ್ನಡಿಯ ಮೂಲೆಯಲ್ಲಿ ಪ್ರಕಾಶ್ ಪಡುಕೋಣೆಯ ಹಳೆಯ ಚಿತ್ರ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ನಮ್ಮ ಹುಡುಗ ಎಂದು. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ವಿಂಬಲ್ಡನ್, ಫುಟ್‌ಬಾಲ್ ವಿಶ್ವಕಪ್, ಯಾವುದನ್ನೂ ಬಿಟ್ಟವರಲ್ಲ. ರಂಜಾನಿನಲ್ಲಿ ಸಹರಿಗೆ ಎದ್ದವರು ಪಂದ್ಯವಿದ್ದರೆ ಮತ್ತೆ ಮಲಗುವುದಿಲ್ಲ. ಇಥಿಯೋಪಿಯಾದ ಓಟಗಾರರ ಹೆಸರು ಅವರ ಬಾಯಲ್ಲಿ ನೆಂಟರ ಹೆಸರಿನಂತೆ ಬರುತ್ತವೆ. ಹುಡುಗರಾದ ನಾವು ಯಾವ ತಂಡದ ಪರ ಎಂದು ಕಿತ್ತಾಡುವಾಗ ಅವರು ಗದರುತ್ತಿದ್ದುದು ಒಂದೇ ಮಾತು: 'ಗೇಂದ್ ಕೊ ದೇಖ್ ಬೇಟಾ, ಕಪ್ಡೆ ಕೊ ನಕ್ಕೊ ದೇಖ್.' ಚೆಂಡನ್ನು ನೋಡು ಮಗಾ, ಬಟ್ಟೆ ನೋಡಬೇಡ. ಜೀವನವೆಲ್ಲ ಬಟ್ಟೆ ಹೊಲಿದೇ ಉಂಡವರು ಹೇಳಿದ ಮಾತಿದು!

1999ರ ಜನವರಿ 31ರ ಚೆನ್ನೈ ಟೆಸ್ಟನ್ನು ನಾನು ನೋಡಿದ್ದು ಅವರ ಅಂಗಡಿಯಲ್ಲೇ. ಗೆಲ್ಲಲು 271 ಬೇಕು. ಬೆನ್ನುನೋವಿನಲ್ಲಿ ಮುಖ ಕಿವುಚುತ್ತಲೇ ಸಚಿನ್ ತೆಂಡೂಲ್ಕರ್ 136 ಹೊಡೆದರು. ಇನ್ನು ಹದಿನೇಳೇ ರನ್ನು ಬೇಕೆನ್ನುವಾಗ ಸಕ್ಲೇನ್ ಮುಷ್ತಾಕ್ ಚೆಂಡಿಗೆ ಕ್ಯಾಚಿತ್ತು ಹೊರನಡೆದರು. ಉಳಿದ ಮೂರು ವಿಕೆಟ್ಟುಗಳು ನಾಲ್ಕು ರನ್ನಿಗೆ ಉದುರಿದವು. ಹನ್ನೆರಡು ರನ್ನುಗಳ ಸೋಲು. ಖಾಲೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಖಾಲಾ ಹೇಳುತ್ತಾರೆ. ಆದರೂ ಆ ಸಕ್ಲೇನ್‌ನ ಬೆರಳಿನ ಕೆಲಸವನ್ನು ಇಂದಿಗೂ ಹೊಗಳುತ್ತಾರೆ. ಆಫ್‌ಸ್ಪಿನ್ನಿನಂತೆ ಬಂದು ಉಲ್ಟಾ ತಿರುಗುವ ಆ ಎಸೆತಕ್ಕೆ ನಮ್ಮ ಉರ್ದುವಿನ 'ದೂಸ್ರಾ' ಎಂಬ ಪದವೇ ಜಗತ್ತಿನ ಕ್ರಿಕೆಟ್ ಭಾಷೆಯಲ್ಲಿ ನಿಂತುಬಿಟ್ಟಿತು. ಉರ್ದುವನ್ನು ಪರಭಾಷೆ ಎನ್ನುವ ಮಹನೀಯರೂ ಕಾಮೆಂಟರಿಯಲ್ಲಿ ಅದನ್ನು ಬಳಸದೆ ಗತಿಯಿಲ್ಲ.

ಆ ದಿನ ಚೆಪಾಕ್ ಮೈದಾನದ ಜನ ಮಾಡಿದ್ದು ಚರಿತ್ರೆಗೆ ಸೇರಿದೆ. ಸೋಲಿನ ಆಘಾತದಿಂದ ಮೊದಲು ಸ್ತಬ್ಧರಾದರು. ಆಮೇಲೆ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ವಾಸಿಂ ಅಕ್ರಮ್‌ರ ತಂಡ ಆ ಚಪ್ಪಾಳೆಯ ನಡುವೆ ಮೈದಾನಕ್ಕೆ ಒಂದು ಸುತ್ತು ಬಂತು. ಅದೇ ತಿಂಗಳು ಶಿವಸೇನೆಯವರು ದೆಹಲಿಯ ಕೋಟ್ಲಾ ಮೈದಾನದ ಪಿಚ್ಚನ್ನು ಅಗೆದು ಹಾಕಿದ್ದರೆಂಬುದನ್ನು ನೆನಪಿಟ್ಟುಕೊಂಡರೆ ಚೆನ್ನೈನವರ ದೊಡ್ಡತನ ಇನ್ನಷ್ಟು ತಿಳಿಯುತ್ತದೆ. ಪತ್ರಿಕೆಗಳು ಅವರನ್ನು ಕೊಂಡಾಡಿದವು. ಅದು ಸರಿಯೇ.

ಈಗ ಹದಿನೆಂಟು ವರ್ಷ ಮುಂದೆ ಬನ್ನಿ. 2017ರ ಜೂನ್ 18. ಲಂಡನ್ನಿನ ಓವಲ್‌ನಲ್ಲಿ ಚಾಂಪಿಯನ್ಸ್ ಟ್ರೋಫಿಯ ಫೈನಲ್, ಪಾಕಿಸ್ತಾನಕ್ಕೆ 180 ರನ್ನುಗಳ ಗೆಲುವು. (ಅದೇ ದಿನ ಅದೇ ಲಂಡನ್ನಿನಲ್ಲಿ ನಮ್ಮ ಹಾಕಿ ತಂಡ ಪಾಕಿಸ್ತಾನವನ್ನು 7-1ರಿಂದ ಬಡಿದಿತ್ತು. ದೇಶಪ್ರೇಮದ ಗುತ್ತಿಗೆದಾರರಲ್ಲಿ ಎಷ್ಟು ಮಂದಿ ಅದನ್ನು ನೋಡಿದರೋ!) ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪಾಕಿಸ್ತಾನ ಗೆದ್ದುದಕ್ಕೆ ಪಟಾಕಿ ಹೊಡೆದರೆಂದು ಹದಿನೈದಕ್ಕೂ ಹೆಚ್ಚು ಮುಸಲ್ಮಾನರನ್ನು ಪೊಲೀಸರು ಹಿಡಿದರು. ಮೊದಲು ಹಾಕಿದ್ದು ದೇಶದ್ರೋಹದ ಕೇಸು. ಅದು ನಿಲ್ಲುವುದಿಲ್ಲವೆಂದಾಗ ಕೋಮುದ್ವೇಷ ಹರಡಿದ ಕೇಸು. ಪೊಲೀಸರು ದೂರುದಾರನೆಂದು ತೋರಿಸಿದ್ದ ಹಿಂದೂ ನೆರೆಯವನೇ ತಾನು ಅಂಥ ದೂರು ಕೊಟ್ಟಿಲ್ಲವೆಂದು ಬಹಿರಂಗವಾಗಿ ಹೇಳಿದ. ಆದರೂ ಕೇಸು ಎಳೆಯಿತು. ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದ್ದು 2023ರಲ್ಲಿ. ಆರು ವರ್ಷ! ಕೂಲಿನಾಲಿ ಮಾಡಿ ಬದುಕುವವರು ತಾರೀಖು ತಾರೀಖಿಗೆ ಕೋರ್ಟಿಗೆ ಅಲೆಯುವುದೆಂದರೆ ಏನೆಂದು ಅಲೆದವರಿಗೇ ಗೊತ್ತು.

ಹೊಡೆಯದ ಪಟಾಕಿಯ ಮಾತು ಹಾಗಿರಲಿ. ಹೊಡೆದಿದ್ದರೆ? ಚೆನ್ನೈನಲ್ಲಿ ಸಾವಿರಾರು ಜನ ಬಹಿರಂಗವಾಗಿ ಮಾಡಿದ್ದು ಕ್ರೀಡಾ ಮನೋಭಾವ. ಅದನ್ನೇ ಒಂದು ಹಳ್ಳಿಯ ಬಡವರು ಮಾಡಿದರೆ ಜೈಲು. ಚಪ್ಪಾಳೆ ಒಂದೇ, ತಟ್ಟಿದವನ ಹೆಸರು ಬೇರೆ. ಸುಮ್ಮನೆ ಕುಳಿತರೂ ಅನುಮಾನವೇ. ಭಾರತ ಗೆದ್ದಾಗ ಪಕ್ಕದವನಿಗಿಂತ ಒಂದು ಗೇಣು ಎತ್ತರಕ್ಕೆ ಹಾರಬೇಕು, ಎರಡು ಪಟಾಕಿ ಜಾಸ್ತಿ ಹೊಡೆಯಬೇಕು. ಎಷ್ಟೋ ಬಾರಿ ಗೆಲುವಿನ ಸಂಭ್ರಮದ ನಡುವೆ ನಮ್ಮ ಹುಡುಗರು ಯಾರಾದರೂ ನಮ್ಮನ್ನು ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ಕಣ್ಣು ಹಾಯಿಸುವುದನ್ನು ಕಂಡಿದ್ದೇನೆ. ನಿಜವಾದ ಸಂತೋಷವನ್ನೂ ನಾಟಕದಂತೆ ಆಡಿ ತೋರಿಸಬೇಕಾದ ಸ್ಥಿತಿ ಅದು. ಇದಕ್ಕಿಂತ ದೊಡ್ಡ ಕಳ್ಳತನ ಯಾವುದಿದೆ?

ನೋಡುವವರಿಗೆ ಹೀಗಾದರೆ ಆಡುವವರಿಗೂ ತಪ್ಪಿಲ್ಲ. ಸೈಯದ್ ಕಿರ್ಮಾನಿ ನಮ್ಮ ಕರ್ನಾಟಕದ ವಿಕೆಟ್ ಕೀಪರ್. 1983ರಲ್ಲಿ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು ಕಪಿಲ್ ದೇವ್ 175 ಹೊಡೆದದ್ದನ್ನು ಎಲ್ಲರೂ ಹೇಳುತ್ತಾರೆ. ಆ ಬದಿಯಲ್ಲಿ ಕೊನೆಯವರೆಗೂ ಅಲುಗದೆ ನಿಂತು ಮುರಿಯದ 126 ರನ್ನುಗಳ ಜೊತೆಯಾಟ ಕೊಟ್ಟದ್ದು ಕಿರ್ಮಾನಿ, ಅವರದು ಔಟಾಗದ 24. ಆ ಆಟದ ಒಂದು ತುಣುಕೂ ಉಳಿದಿಲ್ಲ. ಮೊಹಮ್ಮದ್ ಶಮಿಯ ಕಾಲದಲ್ಲಾದರೋ ಕ್ಯಾಮೆರಾಗಳಿಗೆ ಕೊರತೆಯಿಲ್ಲ. 2021ರಲ್ಲಿ ದುಬೈಯಲ್ಲಿ ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಅಂದರೆ ಒಬ್ಬ ಬೌಲರನಿಗೂ ಒಂದು ವಿಕೆಟ್ ದಕ್ಕಲಿಲ್ಲ. ಬೈಗುಳ ಮಾತ್ರ ಧರ್ಮ ಹಿಡಿದು ಶಮಿಯ ಮನೆ ಹುಡುಕಿಕೊಂಡು ಬಂತು. ನಾಯಕ ವಿರಾಟ್ ಕೊಹ್ಲಿ ಆತನ ಪರ ಗಟ್ಟಿಯಾಗಿ ನಿಂತು ಮಾತಾಡಿದ್ದನ್ನು ಮರೆಯಬಾರದು. ಎರಡು ವರ್ಷದ ನಂತರ ವಾಂಖೆಡೆಯಲ್ಲಿ ನ್ಯೂಜಿಲೆಂಡಿನ ಏಳು ವಿಕೆಟ್ ಕಿತ್ತಾಗ ಅದೇ ಶಮಿ ದೇಶದ ಹೆಮ್ಮೆ. ಮುಂದಿನ ಸೋಲಿನವರೆಗೆ ಎಂದಿಟ್ಟುಕೊಳ್ಳಿ.

ಈ ಅನುಮಾನದ ಬೆಂಕಿ ಮುಸಲ್ಮಾನನ ಮನೆಗೇ ಸೀಮಿತ ಎಂದುಕೊಂಡವರು ಮೀರ್ ರಂಜನ್ ನೇಗಿಯವರನ್ನು ನೆನೆಯಲಿ. 1982ರ ದೆಹಲಿ ಏಷ್ಯನ್ ಗೇಮ್ಸ್ ಹಾಕಿ ಫೈನಲ್‌ನಲ್ಲಿ ಭಾರತ 7-1ರಿಂದ ಪಾಕಿಸ್ತಾನಕ್ಕೆ ಸೋತಾಗ ಗೋಲ್‌ಕೀಪರ್ ಆಗಿದ್ದವರು ಅವರು. ದುಡ್ಡು ತಿಂದ ದ್ರೋಹಿ ಎಂದು ವರ್ಷಗಟ್ಟಲೆ ಅವರನ್ನು ಅಟ್ಟಾಡಿಸಲಾಯಿತು. 2007ರಲ್ಲಿ 'ಚಕ್ ದೇ ಇಂಡಿಯಾ' ಬಂದಾಗ ಜನ ಅದರ ನಾಯಕನಲ್ಲಿ ನೇಗಿಯವರನ್ನು ಕಂಡರು. ತೆರೆಯ ಮೇಲಿನ ಆ ಕೋಚ್‌ನ ಹೆಸರು ಮಾತ್ರ ಕಬೀರ್ ಖಾನ್. ದ್ರೋಹಿ ಎನಿಸಿಕೊಂಡವನ ಕಥೆ ಪ್ರೇಕ್ಷಕರಿಗೆ ತಟ್ಟನೆ ಅರ್ಥವಾಗಬೇಕಾದರೆ ಅವನಿಗೊಂದು ಮುಸಲ್ಮಾನ ಹೆಸರು ಬೇಕಾಯಿತು ನೋಡಿ!

ನಮ್ಮವರ ಮನೆಯ ಮಾತನ್ನೂ ಆಡದಿದ್ದರೆ ಈ ಬರಹ ಅರ್ಧಸತ್ಯವಾದೀತು. ಕಲಿಮಾ ಓದಿದವರೆಂಬ ಒಂದೇ ಕಾರಣಕ್ಕೆ ತಂಡವನ್ನು ಆರಿಸಿಕೊಳ್ಳುವವರು ನಮ್ಮಲ್ಲಿಲ್ಲವೇ? ಆಟಗಾರ ಮೈದಾನದಲ್ಲಿ ಸಜ್ದಾ ಮಾಡಿದನೆಂದು ಕಣ್ಣೀರು ತುಂಬಿಕೊಂಡು, ಅವನು ಹೊಡೆದ ಶಾಟ್ ಯಾವುದೆಂದು ಕೇಳಿದರೆ ತಡವರಿಸುವವರು? 2022ರಲ್ಲಿ ಮೊರಾಕ್ಕೊ ಫುಟ್‌ಬಾಲ್ ವಿಶ್ವಕಪ್ಪಿನ ಸೆಮಿಫೈನಲ್ ತಲುಪಿದಾಗ ಇಸ್ಲಾಮಿನ ಜಯವೆಂದು ಕುಣಿದವರಿದ್ದರು. ಆ ಹಂತದವರೆಗೆ ಎದುರಾಳಿ ತಂಡದ ಒಬ್ಬನೇ ಒಬ್ಬ ಆಟಗಾರ ಅವರ ವಿರುದ್ಧ ಗೋಲು ಹೊಡೆದಿರಲಿಲ್ಲ, ಬಿದ್ದ ಒಂದೇ ಗೋಲು ತಮ್ಮವನದೇ ಕಾಲಿನಿಂದ. ಅಂಥ ಕೋಟೆಯನ್ನು ಕಟ್ಟಿದ ಆಟದ ಬಗ್ಗೆ ಅವರಿಗೆ ಒಂದು ಮಾತೂ ಇರಲಿಲ್ಲ. ಇವರೂ ಬಟ್ಟೆ ನೋಡುವವರೇ. ಅದೇ ಹೊತ್ತಿಗೆ ಕೇರಳದ ಸಮಸ್ತದ ಖತೀಬರು ಫುಟ್‌ಬಾಲ್ ಹುಚ್ಚು ಅತಿಯಾಯಿತೆಂದು ಎಚ್ಚರಿಸಿದರು. ಕಟೌಟಿಗೆ ಸುರಿಯುವ ದುಡ್ಡಿನ ಬಗ್ಗೆ ಅವರು ಹೇಳಿದ್ದರಲ್ಲಿ ಹುರುಳಿದೆ. ವಸಾಹತು ಮಾಡಿದ ಪೋರ್ಚುಗಲ್ಲಿನ ಬಾವುಟ ಹಿಡಿಯಬೇಡಿ ಎಂದದ್ದು ಮಾತ್ರ ಟೆಬ್ಬಿಟ್‌ನ ಪರೀಕ್ಷೆಗೆ ಟೋಪಿ ತೊಡಿಸಿದಂತಾಯಿತು. ಕೋಝಿಕ್ಕೋಡಿನ ಪುಳ್ಳಾವೂರು ಹೊಳೆಯಲ್ಲಿ ಮೆಸ್ಸಿ, ನೇಮಾರ್‌ರ ಆಳೆತ್ತರ ಮೀರಿದ ಕಟೌಟುಗಳು ನಿಂತಾಗ ಮಲಯಾಳಿಗಳ ನಿಷ್ಠೆ ಅರ್ಜೆಂಟೀನಾಕ್ಕೆ ಹಾರಿಹೋಯಿತೆಂದು ಯಾರೂ ಗಾಬರಿಯಾಗಲಿಲ್ಲ.

'ಗಡಿಯಲ್ಲಿ ಜನ ಸಾಯುತ್ತಿರುವಾಗ ನಿನಗೆ ಆಟದ ಚೆಂದವೇ?' ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಲಾರೆ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಧರ್ಮ ಕೇಳಿ ಜನರನ್ನು ಕೊಂದವರು ಮನುಷ್ಯರಲ್ಲ. ಆ ದುಃಖದಲ್ಲಿ ಆಟವೇ ಬೇಡ ಎಂದಿದ್ದರೆ ಅದಕ್ಕೊಂದು ಅರ್ಥವಿತ್ತು. ಆದರೆ ಐದೇ ತಿಂಗಳಿಗೆ ಏಷ್ಯಾ ಕಪ್ಪಿನಲ್ಲಿ ಒಂದಲ್ಲ, ಮೂರು ಬಾರಿ ಪಾಕಿಸ್ತಾನದೊಡನೆ ಆಡಿದೆವು. ಜಾಹೀರಾತಿನ ದುಡ್ಡು ಬಂತು. ಕೈ ಮಾತ್ರ ಕುಲುಕಲಿಲ್ಲ. ಹಣ ಮುಟ್ಟಬಹುದಾದ ಕೈಗೆ ಕೈ ಮುಟ್ಟಲು ಮಡಿ. ಇದು ಯಾವ ಸೀಮೆಯ ದುಃಖವೋ!

ನೀರಜ್ ಚೋಪ್ರಾಗೆ ಆದದ್ದು ಇದಕ್ಕಿಂತ ಹೇಸಿಗೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ ಭರ್ಜಿಯನ್ನು 92.97 ಮೀಟರ್ ಎಸೆದು ಒಲಿಂಪಿಕ್ ದಾಖಲೆ ಬರೆದರು, 89.45 ಎಸೆದ ನೀರಜ್‌ಗೆ ಬೆಳ್ಳಿ. ಚಿನ್ನ ಗೆದ್ದವನೂ ನಮ್ಮ ಮಗನೇ ಎಂದರು ಹರಿಯಾಣದ ಆ ತಾಯಿ. ದೇಶವೆಲ್ಲ ಅವರನ್ನು ಮೆಚ್ಚಿತು. ಮರುವರ್ಷ ಬೆಂಗಳೂರಿನಲ್ಲಿ ನಡೆಯಲಿದ್ದ ತನ್ನ ಹೆಸರಿನ ಕೂಟಕ್ಕೆ ನೀರಜ್, ಪಹಲ್ಗಾಮಿಗೆ ಮೊದಲೇ, ನದೀಮ್‌ರನ್ನೂ ಕರೆದಿದ್ದರು. ಅಷ್ಟಕ್ಕೆ ಸ್ವತಃ ಸೇನೆಯಲ್ಲಿರುವ ಆ ಹುಡುಗನ ದೇಶನಿಷ್ಠೆಯನ್ನೇ ಪ್ರಶ್ನಿಸಲಾಯಿತು. ತಾಯಿಯ ಹಿಂದಿನ ವರ್ಷದ ಮಾತನ್ನು ಕೆದಕಿ ಆಕೆಯನ್ನೂ ಬೈದರು. ನೀರಜ್ ಬಹಿರಂಗ ಹೇಳಿಕೆ ಕೊಟ್ಟು ತನ್ನ ಪ್ರಾಮಾಣಿಕತೆಯನ್ನು ವಿವರಿಸಬೇಕಾಯಿತು.

ಕೂಟ ಮುಂದಕ್ಕೆ ಹೋಗಿ 2025ರ ಜುಲೈ 5ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ನೀರಜ್ 86.18 ಮೀಟರ್ ಎಸೆದು ಗೆದ್ದರು. ಕೆನ್ಯಾದ ಜೂಲಿಯಸ್ ಯೇಗೊ ಎರಡನೆಯವರು, ಶ್ರೀಲಂಕಾದ ರುಮೇಶ್ ಪತಿರಗೆ ಮೂರನೆಯವರು. ಜನ ಮೂವರಿಗೂ ಕೈತಟ್ಟಿದರು. ಸೆಪ್ಟೆಂಬರಿನಲ್ಲಿ ಟೋಕಿಯೋದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ನೀರಜ್ ಮತ್ತು ನದೀಮ್ ಎದುರುಬದುರಾದರು. ನೀರಜ್ ಎಂಟನೆಯವರಾದರೆ ನದೀಮ್ ಹತ್ತನೆಯವರು. ಚಿನ್ನ ಹೋದದ್ದು ಟ್ರಿನಿಡಾಡ್‌ನ ಕೆಶೋರ್ನ್ ವಾಲ್ಕಾಟ್‌ಗೆ. ನಮ್ಮ ಸಚಿನ್ ಯಾದವ್ 86.27 ಮೀಟರ್ ಎಸೆದು ನಾಲ್ಕನೆಯ ಸ್ಥಾನ ಪಡೆದರು, ಪದಕ ಕೈಗೆಟುಕುವಷ್ಟರಲ್ಲಿ ತಪ್ಪಿತು. ಆ ಸಂಜೆ ಚಹಾ ಅಂಗಡಿಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸಚಿನ್ ಯಾದವ್ ಎಂದರೆ ಯಾರೆಂದು ನಾನೇ ಅವರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.