ಪಹಣಿಯ ಪ್ರತಿಗೆ ಕ್ಷಣಕಾಲದ ವಿರಾಮ ಬೇಕು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ರೈತನಿಗೆ ಬೆಳೆಸಾಲಕ್ಕೂ ಪಹಣಿ ಬೇಕು, ಅಣ್ಣತಮ್ಮಂದಿರ ಪಾಲು ವಿಭಾಗಕ್ಕೂ ಪಹಣಿ ಬೇಕು. ಒಂದು ಕಾಲಕ್ಕೆ ಅದು ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಇಳಿಸಿತು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಗಣಕದಲ್ಲಿರುವುದೇ ಅಂತಿಮವಾದ ಮೇಲೆ, ಅದರ ಬ್ಯಾಕಪ್ ಪ್ರತಿಯನ್ನು ಹೇಗೆ ತೆಗೆಯುತ್ತಾರೆ ಎಂಬುದು ತಂತ್ರಜ್ಞರ ಖಾಸಗಿ ವಿಚಾರವಾಗಿ ಉಳಿಯುವುದಿಲ್ಲ.

ಖಾತೆ ಬದಲಾವಣೆ ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ಪಾಂಡವಪುರದಲ್ಲಿ ಒಬ್ಬರು ಒಂದೆಕರೆ ಕೊಂಡರೆನ್ನಿ. ಮಾರಿದವರ ಹೆಸರು ಹೋಗಬೇಕು, ಕೊಂಡವರ ಹೆಸರು ಬರಬೇಕು, ಮ್ಯುಟೇಷನ್ ಸಂಖ್ಯೆ ನಮೂದಾಗಬೇಕು, ಸ್ಕ್ಯಾನ್ ಮಾಡಿದ ಕಾಗದ ಸೇರಬೇಕು. ಇಂಥ ವಿವರಗಳು ಬೇರೆ ಬೇರೆ ಡಿಸ್ಕ್‌ಗಳಲ್ಲಿರಬಹುದು. ಕೆಲವು ಇನ್ನೂ ಗಣಕದ ಮೆಮೊರಿಯಲ್ಲೇ ಇರಬಹುದು. ಆ ನಡುವೆ ಪ್ರತಿ ತೆಗೆದರೆ ಹೆಸರು ಬದಲಾಗಿದ್ದು ಕಾಗದವೇ ಇಲ್ಲದಿರಬಹುದು. ಅರ್ಧಕ್ಕೆ ನಿಂತದ್ದನ್ನು ಡೇಟಾಬೇಸ್ ತನ್ನ ಲಾಗ್ ನೋಡಿ ಸರಿಪಡಿಸಿಕೊಳ್ಳಬಲ್ಲದು, ನಿಜ. ಆದರೆ ಲಾಗ್ ಮತ್ತು ದತ್ತಾಂಶಗಳ ಪ್ರತಿಗಳು ಬೇರೆ ಬೇರೆ ಗಳಿಗೆಯವಾದರೆ ಆ ಭರವಸೆಯೂ ಉಳಿಯದು.

ಇದಕ್ಕೆ ಪರಿಹಾರವಿದೆ. ಹೊಸ ಬರವಣಿಗೆಯನ್ನು ಕ್ಷಣಕಾಲ ತಡೆಯುವುದು, ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಇಳಿಸುವುದು, ಸ್ನ್ಯಾಪ್‌ಶಾಟ್ ತೆಗೆದು ತಡೆ ತೆರವು ಮಾಡುವುದು. ಬಿಡುವಾಗಿ ನಡೆಯುವ ಬ್ಯಾಕಪ್ ಅನಂತರ ಆ ಸ್ನ್ಯಾಪ್‌ಶಾಟ್‌ನಿಂದಲೇ ಆಗುತ್ತದೆ. ಲಿನಕ್ಸ್‌ನ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿದ್ದ ಈ ಸೌಲಭ್ಯ 2009ರ 2.6.29 ಆವೃತ್ತಿಯಿಂದ ಇತರ ಪ್ರಮುಖ ಕಡತ ವ್ಯವಸ್ಥೆಗಳಿಗೂ ದೊರೆಯಿತು. ವಿಂಡೋಸ್‌ನ ಇಂಥ ವ್ಯವಸ್ಥೆ ಡಿಸ್ಕ್ ಬರವಣಿಗೆಯನ್ನು 10 ಸೆಕೆಂಡಿಗಿಂತ ಹೆಚ್ಚು ತಡೆಹಿಡಿಯುವುದಿಲ್ಲ.

ಆದರೂ ಆಕ್ಷೇಪವೊಂದು ಕೇಳಿಬರುತ್ತದೆ: ಸದಾ ಒತ್ತಡದಲ್ಲಿರುವ ಸರ್ವರನ್ನು ನಿಲ್ಲಿಸುವುದು ಹೇಗೆ? ಅದರಲ್ಲಿ ಹುರುಳಿದೆ. ತಡೆ ಹಾಕಿದ ತಂತ್ರಾಂಶವೇ ನಡುವೆ ಕೆಟ್ಟು ತೆರವು ಮಾಡದಿದ್ದರೆ ಇಡೀ ಸೇವೆ ಸ್ತಬ್ಧವಾಗುತ್ತದೆ. ಆದ್ದರಿಂದ ತಡೆಗೆ ಕಾಲಮಿತಿ ಇರಬೇಕು, ಮೀರಿದರೆ ತಾನಾಗಿ ತೆರವಾಗಬೇಕು. ಆದರೆ ಈ ಭಯದಿಂದ ತಡೆಯನ್ನೇ ಬಿಡುವುದು ಸಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಕೈತಪ್ಪಿನಿಂದ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ನಿತ್ಯದ ಬ್ಯಾಕಪ್ ಸದ್ದಿಲ್ಲದೆ ವಿಫಲವಾಗಿತ್ತು. ಸಂಸ್ಥೆಯನ್ನು ಉಳಿಸಿದ್ದು, ಬೇರಾವುದೋ ಕೆಲಸಕ್ಕಾಗಿ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ನಡುವಿನ ಆರು ಗಂಟೆಗಳ ದತ್ತಾಂಶ ಮಾತ್ರ ಮರಳಲಿಲ್ಲ.

ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಈ ತರ್ಕ ಹೊಸದಲ್ಲ. ನಾಲೆಯ ದುರಸ್ತಿಗೆ ನೀರು ನಿಲ್ಲಿಸಲೇಬೇಕು. ಅದನ್ನು ಮೊದಲೇ ತಿಳಿಸಿದರೆ ರೈತ ಸಹಿಸುತ್ತಾನೆ, ಹೇಳದೆ ನಿಲ್ಲಿಸಿದರೆ ಸಿಟ್ಟಾಗುತ್ತಾನೆ. ನನ್ನ ಬೇಡಿಕೆ ಇಷ್ಟೆ: ಜನರ ದಾಖಲೆ ಹೊತ್ತ ಸರ್ವರುಗಳಲ್ಲಿ ಸ್ನ್ಯಾಪ್‌ಶಾಟ್‌ಗೆ ಮುನ್ನ ಬರವಣಿಗೆ ತಡೆಯುವುದು ಕಡ್ಡಾಯವಾಗಲಿ, ಅದರ ವೇಳೆ ಮತ್ತು ಅವಧಿ ಪ್ರಕಟವಾಗಲಿ, ಪ್ರತಿಯಿಂದ ದಾಖಲೆಗಳನ್ನು ಮರಳಿ ಪಡೆಯುವ ಪರೀಕ್ಷೆ ಮೂರು ತಿಂಗಳಿಗೊಮ್ಮೆಯಾದರೂ ನಡೆಯಲಿ. ತೆರೆದು ನೋಡದ ಪ್ರತಿಯನ್ನು ನಂಬಿ ಕೂರುವುದು ಅಳೆಯದೆ ಕೊಂಡ ಹೊಲವನ್ನು ನಂಬಿದಂತೆ. ಕೆ.ಆರ್. ಪೇಟೆಯ ರೈತ ಸರದಿಯಲ್ಲಿ ಹತ್ತು ಸೆಕೆಂಡು ಹೆಚ್ಚು ನಿಲ್ಲಬಲ್ಲ. ತನ್ನ ಹೆಸರು ಪಹಣಿಯಿಂದ ಹೇಗೆ ಮಾಯವಾಯಿತೆಂದು ವರ್ಷಗಟ್ಟಲೆ ನ್ಯಾಯಾಲಯ ಸುತ್ತುವುದು ಅವನಿಂದಾಗದು.